ಪುಸ್ತಕದ ಜೇಬಿನಲ್ಲಿ ಬೆಲ್ಲ

ಅರವತ್ತರ ದಶಕದ ನಡುವಿನ ಮಾತು. ಯಳಂದೂರಿನವಳಾದ ನಾನು ಟ್ರೈನಿಂಗ್ ಮುಗಿಸಿ ಬಂದ ಹೊಸತರಲ್ಲಿ ನನ್ನನ್ನು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ, ಕಾಮಗೆರೆ ದಾಟಿ ಇಳಿದು ಒಳಗೆ ನಡೆದು ಹೋಗಬೇಕಾದ ಒಂದು ಹಳ್ಳಿಯ ಶಾಲೆಗೆ ಹಾಕಿದರು. ಪಾಠದ ಜೊತೆಗೆ ಇನ್ನೊಂದು ಕೆಲಸವನ್ನೂ ಹೆಡ್ ಮೇಷ್ಟ್ರು ನನ್ನ ತಲೆಗೆ ಕಟ್ಟಿದರು. "ಲೈಬ್ರರಿ ನೀವೇ ನೋಡ್ಕೊಳ್ಳಿ" ಎಂದರು. ಲೈಬ್ರರಿ ಎಂದರೆ ಊರ ಗೌಡರು ಬಿಟ್ಟುಕೊಟ್ಟಿದ್ದ ಒಂದು ಕೋಣೆ, ಕೋಣೆಯೊಳಗೆ ಗಾಜಿನ ಬಾಗಿಲಿನ ಒಂದು ಬೀರು, ಬೀರುವಿನ ತುಂಬ ಪುಸ್ತಕ. ಏಕೀಕರಣಕ್ಕೆ ಮುಂಚೆ ಆ ಸೀಮೆ ಮದರಾಸಿಗೆ ಸೇರಿದ್ದರಿಂದ ಅರ್ಧಕ್ಕರ್ಧ ತಮಿಳಿನವು. ಉಳಿದವು ಕನ್ನಡದವು, ಹೊಸವು, ಅಂಟಿನ ವಾಸನೆ ಇನ್ನೂ ಹೋಗದವು. ಬೀಗದ ಕೈ ನನ್ನ ಕೈಗೆ ದಾಟಿಸಿ ಅವರು ನಿರಾಳವಾಗಿ ಎಲೆಅಡಿಕೆ ಹಾಕಿಕೊಂಡರು.

ನಾನೋ, ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಒಂದೇ ವಾರದಲ್ಲಿ ಮಕ್ಕಳ ಮೇಲೆ ಸುರಿದುಬಿಡಬೇಕೆಂಬ ಹುಮ್ಮಸ್ಸಿನಲ್ಲಿದ್ದೆ. ಶನಿವಾರ ಬೆಳಗಿನ ಹೊತ್ತು ಓದಿನ ಪೀರಿಯಡ್ ಎಂದು ಗೊತ್ತುಮಾಡಿ ನಾಲ್ಕನೇ ಕ್ಲಾಸಿನ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಕೈಗೊಂದು ಪುಸ್ತಕ ಕೊಟ್ಟೆ. ಆ ಮಕ್ಕಳಿಗೆ ಓದುವುದೆಂದರೆ ಎಲ್ಲರೂ ಒಟ್ಟಿಗೆ ಕೂಗುವುದು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪುಸ್ತಕ, ಒಬ್ಬೊಬ್ಬರದು ಒಂದೊಂದು ಕೂಗು. ಕೋಣೆಯಲ್ಲಿ ಸಂತೆ ನೆರೆಯಿತು. ನಾನು ಕಿವಿ ಮುಚ್ಚಿಕೊಂಡು, "ಕೂಗಬೇಡಿ, ಮನಸ್ಸಿನಲ್ಲೇ ಓದಿಕೊಳ್ಳಿ" ಎಂದೆ. ತಕ್ಷಣ ಎಲ್ಲರೂ ಕಣ್ಣು ಮುಚ್ಚಿಕೊಂಡರು. ಪುಸ್ತಕ ತೊಡೆಯ ಮೇಲೆ, ಕಣ್ಣು ಮುಚ್ಚಿದೆ, ತುಟಿ ಮಾತ್ರ ಅಲ್ಲಾಡುತ್ತಿದೆ, ದೇವರ ಮುಂದೆ ನಿಂತು ಬೇಡಿಕೊಳ್ಳುವವರ ಹಾಗೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಆವತ್ತು ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ಮನಸ್ಸಿನಲ್ಲಿ ಎಂದು ಹೇಳಿದವಳು ನಾನೇ ತಾನೆ.

ಪುಸ್ತಕ ಬೀರುವಿನಲ್ಲಿ ಇಡುವುದನ್ನು ಕಲಿಸಿದ್ದೂ ಹೀಗೇ ಆಯಿತು. ಬೆನ್ನು ಹೊರಗೆ ಬರುವ ಹಾಗೆ ನಿಲ್ಲಿಸಬೇಕು ಎಂದು ತೋರಿಸಿಕೊಟ್ಟೆ. ಬೆನ್ನಿಗೆ ಬಣ್ಣದ ಕಾಗದ ಅಂಟಿಸಿದ್ದೆ: ಕಥೆಗೆ ಕೆಂಪು, ಪ್ರಾಣಿ ಪಕ್ಷಿಗೆ ಹಸಿರು, ಹೀಗೆ. ಮಧ್ಯಾಹ್ನ ಬಂದು ನೋಡಿದರೆ ಒಂದೊಂದೂ ತಿರುಗಿ ಮುಖ ತೋರಿಸಿಕೊಂಡು ಕೂತಿದೆ, ಅರ್ಧಕ್ಕೆ ಜಾಗ ಸಾಲದೆ ನೆಲದ ಮೇಲಿದೆ. ಯಾಕೆ ಹೀಗೆ ಎಂದು ಕೇಳಿದರೆ ಕೆಳಗಿನ ಕೇರಿಯ ಹುಡುಗಿಯೊಬ್ಬಳು ಎದ್ದು ನಿಂತು, "ಬೆನ್ ತಿರುಗ್ಸಿದ್ರೆ ನಮ್ಮೇಲೆ ಮುನಿಸ್ಕಂಡಂಗೆ ಕಾಣ್ತವೆ ಟೀಚ್ರೇ" ಎಂದಳು. ಆಮೇಲೆ ಯಾವ ಲೈಬ್ರರಿಗೆ ಹೋದರೂ, ಸಾಲುಸಾಲು ಬೆನ್ನು ಕಂಡಾಗ ಎಲ್ಲರೂ ನನ್ನ ಮೇಲೆ ಸಿಟ್ಟಾಗಿದ್ದಾರೆಂದೇ ನನಗೂ ಅನ್ನಿಸುತ್ತದೆ.

ಈ ಹುಡುಗಿಯ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ತುಟಿ ಅಲ್ಲಾಡಿಸದೆ, ಕಣ್ಣು ಮುಚ್ಚದೆ ಓದುವುದು ಮೊದಲು ಬಂದದ್ದು ಇವಳಿಗೆ. ಒಂದು ಶನಿವಾರ ಎಲ್ಲರೂ ಪುಟ ಮಗುಚುತ್ತ ಗಲಾಟೆ ಮಾಡುತ್ತಿದ್ದಾಗ ಇವಳು ಗೋಡೆಗೆ ಒರಗಿ, ಕರೆದರೂ ಕೇಳಿಸದ ಹಾಗೆ ಕೂತಿದ್ದಳು. ನಾನು ಹತ್ತಿರ ಹೋಗಿ ನಿಂತೆ. ತಲೆ ಎತ್ತಲಿಲ್ಲ. ಆಗ ಆದ ಸಂತೋಷಕ್ಕೆ ನನಗೆ ಕಣ್ಣಲ್ಲಿ ನೀರು ಬಂತು. ಯಾಕೆ ಬಂತೋ, ನಾನೇನು ಅವಳನ್ನು ಹೆತ್ತವಳೇ? ಅವಳಿಗೆ ತಂದೆ ಇರಲಿಲ್ಲ. ತಾಯಿ ಕೂಲಿ ಮಾಡುತ್ತಿದ್ದಳು, ಕಬ್ಬಿನ ಕಾಲಕ್ಕೆ ಸತ್ತೇಗಾಲದ ಕಡೆ ಆಲೆಮನೆಗೆ ಹೋಗುತ್ತಿದ್ದಳು. ಮಗಳು ಮೂರನೇ ಕ್ಲಾಸು ದಾಟಿದ್ದೇ ಸಾಕು, ಇನ್ನು ಆಡು ಕಾಯಲು ಬಿಡಬೇಕೆಂದು ತೀರ್ಮಾನ ಮಾಡಿಕೊಂಡಿದ್ದ ತಾಯಿ, ಅವಳು ಒಂದು ಸಂಜೆ ಲೈಬ್ರರಿ ಪುಸ್ತಕ ತಂದು ಕಥೆ ಓದಿ ಹೇಳಿದ ಮೇಲೆ ಮನಸ್ಸು ಬದಲಾಯಿಸಿದ್ದಳು. ಕಥೆ ಮುಗಿದರೆ ಇನ್ನೊಂದು ಬೇಕು. ಇನ್ನೊಂದು ಬೇಕಾದರೆ ಮಗಳು ಶಾಲೆಗೆ ಹೋಗಬೇಕು. ಆ ಹುಡುಗಿಯ ನಾಲ್ಕನೇ ಕ್ಲಾಸು ನಿಂತಿದ್ದದ್ದು ಇಷ್ಟರ ಮೇಲೆ.

ಇನ್ನು ಜೇಬಿನ ಕಥೆ. ಮನೆಗೆ ಪುಸ್ತಕ ಒಯ್ಯುವ ಮಕ್ಕಳ ಹೆಸರಿನ ಚೀಟಿ ಇಡಲು ಪ್ರತಿ ಪುಸ್ತಕದ ಹಿಂಬದಿಯ ರಟ್ಟಿಗೆ ಒಳಗಡೆ ಕಾಗದದ ಒಂದು ಜೇಬು ಅಂಟಿಸಬೇಕೆಂದು ನಮಗೆ ಹೇಳಿಕೊಟ್ಟಿದ್ದರು. ರಾಗಿ ಅಂಬಲಿಯ ಅಂಟು ಮಾಡಿ, ಕಂದು ಕಾಗದ ಕತ್ತರಿಸಿ, ಭಾನುವಾರವೂ ಯಳಂದೂರಿಗೆ ಹೋಗದೆ ಕೂತು ಅಂಟಿಸಿದೆ. ಪುಸ್ತಕ ಹೋದವು, ವಾಪಸು ಬಂದವು. ಬಂದವುಗಳ ಜೇಬಿನಲ್ಲಿ ಏನೇನೋ ಇತ್ತು. ಒಂದರಲ್ಲಿ ಚಿಟಿಕೆ ಎಳ್ಳು. ಒಂದರಲ್ಲಿ ಅವರೆಕಾಳು, ರಟ್ಟು ಉಬ್ಬಿಕೊಂಡಿದೆ. ಒಂದರಲ್ಲಿ ಸೇವಂತಿಗೆ ಎಸಳು, ಇನ್ನೊಂದರಲ್ಲಿ ಒಣಮೆಣಸಿನಕಾಯಿ. ಮಕ್ಕಳು ತಿಂಡಿ ಬಚ್ಚಿಟ್ಟುಕೊಳ್ಳುತ್ತಿದ್ದಾರೆಂದು ಗದರಿದೆ. ಕೇಳಬಾರದ್ದನ್ನು ಕೇಳಿದವಳನ್ನು ನೋಡುವ ಹಾಗೆ ನನ್ನನ್ನು ನೋಡಿ ತಲೆ ತಗ್ಗಿಸಿದರು. ಮುಂದಿನ ವಾರ ಇನ್ನೂ ಹೆಚ್ಚಾಯಿತು. ಬೀರುವಿಗೆ ಇರುವೆ ಹತ್ತಿದವು, ಇರುವೆಯ ಹಿಂದೆ ಹಲ್ಲಿ ಬಂತು. ಇದು ಯಾವ ತರಹದ ಊರಪ್ಪ ಎಂದು ನಾನು ಕಂಗಾಲಾದೆ.

ಕೊನೆಗೆ ಅದೇ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವಳ ಪುಸ್ತಕದ ಜೇಬಿನಲ್ಲಿ ಪ್ರತಿ ಸಲವೂ ಒಂದು ತುಣುಕು ಬೆಲ್ಲ ಇರುತ್ತಿತ್ತು.

"ಬರಿದು ವಾಪಸ್ ಕೊಡಬಾರ್ದಂತೆ ಟೀಚ್ರೇ, ನಮ್ಮವ್ವ ಯೋಳ್ತು" ಎಂದಳು. "ಇಸ್ಕೂಲ್ನೋರೇ ಜೇಬು ಮಡಗವ್ರೆ, ಸುಮ್ಕೆ ಮಡಗವ್ರಾ ಅಂತು."

ನನಗೆ ಗೊತ್ತಿದ್ದ ಪದ್ಧತಿಯೇ. ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು. ಯಳಂದೂರಿನಲ್ಲಿ ನನ್ನ ತಾಯಿಯೂ ಹಾಗೇ ಮಾಡುತ್ತಿದ್ದರು. ಪುಸ್ತಕವೂ ಎರವಲು ಬಂದ ಪಾತ್ರೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ಊರಿನ ತಾಯಂದಿರಿಗೆ ಹೊಳೆದಿತ್ತು, ಅದೂ ನಾನೇ ಜೇಬು ಅಂಟಿಸಿ ಕಳಿಸಿದ ಮೇಲೆ. ಬೇಡ ಎಂದು ಹೇಗೆ ಹೇಳುವುದು? ಹೇಳಿದರೆ ಮನೆಗೆ ಬಂದವರ ಕೈಯಿಂದ ತಟ್ಟೆ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಇರುವೆ. ನಾನು ಎರಡೂ ಮಾಡದೆ, ಪುಸ್ತಕ ಬಂದ ಕೂಡಲೇ ಜೇಬು ಖಾಲಿ ಮಾಡುವುದನ್ನು ಅಭ್ಯಾಸ ಮಾಡಿಕೊಂಡೆ. ಕಾಳನ್ನು ಒಂದು ಡಬ್ಬಿಗೆ ಹಾಕುತ್ತಿದ್ದೆ, ಬೆಲ್ಲವನ್ನು ಎಷ್ಟೋ ಸಲ ನಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಒಂದು ವಾರ ನನಗೆ ಜ್ವರ ಬಂದು ಮಲಗಿದೆ. ಪುಸ್ತಕ ಕೊಡುವ ಕೆಲಸ ಹೆಡ್ ಮೇಷ್ಟ್ರು ಮಾಡಿದರು. ಅವರು ಜೇಬು ನೋಡಲಿಲ್ಲ.

ನಾನು ಇದ್ದದ್ದು ಗೌಡರ ಮನೆಯ ಹಿಂದಿನ ಕೋಣೆಯಲ್ಲಿ. ನಾವೂ ಶಿವಾಚಾರದವರು, ಅವರೂ ಶಿವಾಚಾರದವರು, ಒಂದೇ ಜಾತಿ ಎಂದು ಕೊಟ್ಟಿದ್ದರು. ಗೌಡರ ತಾಯಿಯನ್ನು ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅಕ್ಷರ ಬಾರದವರು, ಆದರೆ ನಾಲ್ಕನೇ ಕ್ಲಾಸಿನ ಮೊಮ್ಮಗ ತಂದ ಪುಸ್ತಕಗಳ ಚಿತ್ರವನ್ನೆಲ್ಲ ಒಂದೂ ಬಿಡದೆ ನೋಡುತ್ತಿದ್ದರು. ಆ ವಾರ ಅವನು ಸಮುದ್ರದ ಬಗೆಗಿನ ಪುಸ್ತಕ ತಂದಿದ್ದ. ದೊಡ್ಡವ್ವ ಹಡಗು ನೋಡಿ, ತಿಮಿಂಗಿಲ ನೋಡಿ, ಕೊನೆಯ ರಟ್ಟಿಗೆ ಬಂದಾಗ ಜೇಬಿನಲ್ಲಿ ಬೆಲ್ಲ ಸಿಕ್ಕಿತು. ಶುಕ್ರವಾರ ಶಾಲೆಯಲ್ಲಿ ಸರಸ್ವತಿ ಪೂಜೆ ಮಾಡುತ್ತಿದ್ದೆವು. ಅದರ ಪ್ರಸಾದ ಎಂದುಕೊಂಡರು. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಆಮೇಲೆ ಮೊಮ್ಮಗ, ಪಾಪ, ಏನೂ ತಿಳಿಯದವನು, "ಅದು ಪ್ರಸಾದ ಅಲ್ಲ ಕಣಜ್ಜಿ, ಕೆಳಗಿನ ಕೇರಿಯವಳು ಬುಕ್ಕಲ್ಲಿ ಇಕ್ಕಿ ತರ್ತಾಳೆ" ಎಂದ.

ಮನೆಯಲ್ಲಿ ಎದ್ದ ಗದ್ದಲ ನನ್ನ ಕೋಣೆಗೂ ಕೇಳಿಸಿತು. ದೊಡ್ಡವ್ವನ ಧ್ವನಿ ಮಾತ್ರ ಕೇಳಿಸಲಿಲ್ಲ. ಬೆಳಿಗ್ಗೆ, ಜ್ವರ ಬಿಟ್ಟು ನಾನು ಶಾಲೆಗೆ ಹೋದ ಮೊದಲ ದಿನವೇ, ಗೌಡರು ಅಲ್ಲಿಗೇ ಬಂದರು.

"ಏನ್ ಮೇಷ್ಟ್ರೇ, ಓದು ಕಲಿಸ್ರಿ ಅಂದ್ರೆ ಮನೆತನ ಕೆಡ್ಸಾಕ್ ನಿಂತಿದ್ದೀರಾ? ಇನ್ಮ್ಯಾಕೆ ಪುಸ್ತಕ ಆ ಕೇರಿಗೆ ಓಗಕೂಡ್ದು. ಓಗಾದಾದ್ರೆ ನನ್ ರೂಮು ಬುಟ್ಬುಡಿ."

ಹೆಡ್ ಮೇಷ್ಟ್ರು ಕೈ ಹಿಸುಕಿಕೊಂಡು ನಿಂತರು. ಅವರು ಕೆಟ್ಟವರಲ್ಲ. ಕೋಣೆ ಹೋದರೆ ಬೀರು ಜಗಲಿಗೆ ಬರುತ್ತದೆ, ಮಳೆ ಬಂದರೆ ಪುಸ್ತಕ ಹೋಗುತ್ತವೆ. "ಕೆಳಗಿನ ಕೇರಿ ಮಕ್ಕಳು ಇಲ್ಲೇ ಕೂತು ಓದಲಿ ಬಿಡಿ ಟೀಚರ್, ಓದೋದು ಎಲ್ಲಿ ಓದಿದರೇನು" ಎಂದು ನನಗೆ ಹೇಳಿದರು. ಮೇಲ್ನೋಟಕ್ಕೆ ಸರಿಯಾದ ಮಾತೇ. ಅದಕ್ಕೇ ನನಗೆ ಎದುರಾಡಲು ಬರಲಿಲ್ಲ. ಶನಿವಾರ ಆ ಹುಡುಗಿಗೆ ಇದನ್ನು ಹೇಳಿದಾಗ ಅವಳು ಆರಿಸಿಕೊಂಡಿದ್ದ ಪುಸ್ತಕವನ್ನು ಸರಿಯಾದ ಜಾಗದಲ್ಲಿ, ಬೆನ್ನು ಹೊರಗೆ ಮಾಡಿ ಇಟ್ಟು ಹೋದಳು. ಸೋಮವಾರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಕೇಳಿದರೆ, "ಆಡು ಮೇಯ್ಸ್ತಾವ್ಳೆ ಟೀಚ್ರೇ" ಎಂದರು ಮಕ್ಕಳು.

ನನಗೆ ದೊಡ್ಡವ್ವನ ಮೇಲೂ ಸಿಟ್ಟು, ಗೌಡರ ಮೇಲೂ ಸಿಟ್ಟು, ಆ ಹಾಳು ಜೇಬಿನ ಮೇಲೂ ಸಿಟ್ಟು. ಅನ್ನ ಹಾಕಿ ಇರಿಸಿಕೊಂಡವರ ಮನೆಯಲ್ಲಿ ಮುಖ ಗಂಟಿಕ್ಕಿಕೊಂಡು ಓಡಾಡಿದೆ. ಒಂದು ಬೆಳಿಗ್ಗೆ ದೊಡ್ಡವ್ವ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಹಣೆಗೆ ಎಂದಿಗಿಂತ ದಪ್ಪನಾಗಿ ವಿಭೂತಿ.

"ಆ ಸಮುದ್ರದ ಪುಸ್ತಕ ಎಲ್ಲವ್ವಾ ಅದೆ?" ಎಂದು ಕೇಳಿದರು.

ನನ್ನ ಹತ್ತಿರವೇ ಇದೆ ಎಂದೆ.

"ತತ್ತಾ ಇಲ್ಲಿ. ನಾನು ಅವ್ಳ ಮನೇದು ತಿಂದಿವ್ನಿ. ಗೊತ್ತಿಲ್ದೆ ತಿಂದ್ರೂ ತಿಂದಂಗೇ ಅಲ್ವಾ? ಬರಿದು ಬುಡಾಕಾದದಾ?"

ಒಳಗೆ ಹೋಗಿ ಕೊಬ್ಬರಿಯ ಚೂರು, ಕಲ್ಲುಸಕ್ಕರೆ ತಂದು ಚೀಟಿಯಲ್ಲಿ ಕಟ್ಟಿ ಜೇಬಿಗೆ ತುರುಕಿದರು. "ನೀನೇ ತಕಂಡೋಗಿ ಕೊಡು. ನನ್ ಮಗನ್ಗೆ ಯೋಳ್ಬ್ಯಾಡ" ಎಂದರು. ನಾನು ಕುಣಿಯುವುದೊಂದು ಬಾಕಿ. ದೊಡ್ಡವ್ವನೇ ಕಳಿಸಿದ್ದಾರೆಂದ ಮೇಲೆ ಇನ್ನೇನು, ಎಲ್ಲ ಸರಿಹೋಯಿತು ಎಂದುಕೊಂಡು ಸಂಜೆ ಪುಸ್ತಕ ಚೀಲಕ್ಕೆ ಹಾಕಿಕೊಂಡು ಕೆಳಗಿನ ಕೇರಿಗೆ ಹೊರಟೆ. ಆ ಕಡೆಗೆ ನಾನು ಹೋದದ್ದು ಅದೇ ಮೊದಲು.

ಹುಡುಗಿಯ ತಾಯಿ ಆಗತಾನೆ ಕೂಲಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ, ಕೂರಿ ಎನ್ನಲೋ ಬೇಡವೋ ಎಂದು ನಿಂತಳು. ಕೂರಲೋ ಬೇಡವೋ ಎಂದು ನಾನೂ ನಿಂತೆ. ಇಬ್ಬರೂ ನಿಂತೇ ಮಾತಾಡಿದೆವು. ದೊಡ್ಡವ್ವ ಕೊಟ್ಟದ್ದು ಎಂದು ಪುಸ್ತಕ ಮುಂದೆ ಹಿಡಿದೆ. ಆಕೆ ಚೀಟಿಯನ್ನು ನೋಡಿದಳೇ ಹೊರತು ಮುಟ್ಟಲಿಲ್ಲ.

"ಇದು ಮುಯ್ಯಾ ಟೀಚರಮ್ಮ, ಇಲ್ಲ ತೀರ್ಸ್ಕಂಡಿದ್ದಾ?" ಎಂದು ಕೇಳಿದಳು.

ಮದುವೆ ಮನೆಗಳಲ್ಲಿ ಅವರು ಮಾಡಿದ್ದಕ್ಕೆ ನಾವು ಮುಯ್ಯಿ ಮಾಡುತ್ತೇವೆ, ನಾವು ಮಾಡಿದ್ದಕ್ಕೆ ಅವರು ಮಾಡುತ್ತಾರೆ. ಅದು ಮುಗಿಯುವುದಿಲ್ಲ, ಮುಗಿಯಬಾರದು, ಅದೇ ನೆಂಟಸ್ತನ. ತೀರಿಸಿಕೊಳ್ಳುವುದು ಎಂದರೆ ಬೇರೆ. ಇನ್ನು ನಿನ್ನ ಹಂಗು ನನಗಿಲ್ಲ, ಇತ್ತ ಬರಬೇಡ ಎಂದ ಹಾಗೆ. ಕೊಬ್ಬರಿ ಎರಡಕ್ಕೂ ಒಂದೇ ಕೊಬ್ಬರಿ. ದೊಡ್ಡವ್ವನ ಮಾತನ್ನು ಮನಸ್ಸಿನಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಹೇಗೆ ನೋಡಿದರೆ ಹಾಗೆ ಕಂಡಿತು.

"ನನಗೆ ಗೊತ್ತಾಗ್ತಿಲ್ಲ" ಎಂದೆ.

"ಗೊತ್ತಾಯ್ಬೇಕು ಅಂದ್ರೆ ನಾನಿನ್ನೊಂದು ದಪ ಕಳಿಸ್ಬೇಕು" ಎಂದು ಆಕೆ ಒಳಗೆ ಹೋಗಿ, ಮುತ್ತುಗದ ಎಲೆಯ ಚೂರಿನಲ್ಲಿ ಬೆಲ್ಲ ಸುತ್ತಿ ತಂದಳು. ಕೊಬ್ಬರಿಯ ಚೀಟಿ ತೆಗೆದು ಬಾಗಿಲ ಪಕ್ಕದ ಗೂಡಿನಲ್ಲಿಟ್ಟಳು, ಬಿಚ್ಚಲಿಲ್ಲ. "ಅದೇ ಬೆಲ್ಲ, ಅದೇ ಆಲೆಮನೇದು. ಈಗ ಗೊತ್ತಿದ್ದೇ ತಕಳ್ಳಿ. ತಕಂಡ್ರೆ ನನ್ ಮಗ್ಳು ಇಸ್ಕೂಲ್ಗೆ ಬತ್ತಾಳೆ, ಬುಕ್ ತಕತಾಳೆ. ತಕಳ್ನಿಲ್ವಾ, ಅವ್ರ ಸಕ್ಕರೆ ಅವ್ರಿಗೆ ವಾಪಸ್ಸು, ನನ್ ಮಗ್ಳು ಆಡು ಕಾಯ್ತಾಳೆ. ಬುಕ್ಕು ಮನೆಗ್ ಬರ್ದಿದ್ಮೇಲೆ ನಂಗೇನ್ ಕಂಡದು?"

ಬಾಗಿಲ ಹಿಂದೆ ಹುಡುಗಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ, ನನ್ನ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತಿದ್ದಳು.

ದಾರಿಯುದ್ದಕ್ಕೂ ನಾನು ನನ್ನೊಳಗೇ ಜಗಳವಾಡಿಕೊಂಡು ಬಂದೆ. ಮಕ್ಕಳಿಗೆ ಪುಟದ ಮೂಲೆ ಹಿಡಿದು ಮಗುಚುವುದನ್ನು ಕಲಿಸಲು ಬಂದವಳು ನಾನು. ಈ ಬೆಲ್ಲ ಹೊತ್ತು ತಿರುಗುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ದೊಡ್ಡವ್ವನ ಕೈಗೆ ಕೊಡುವಾಗ ಏನು ಹೇಳಬೇಕು? ಆ ಮನೆಯದು ಎನ್ನಲೇಬೇಕು, ಹೇಳದೆ ಕೊಟ್ಟರೆ ಮೋಸ. ಹೇಳಿದರೆ ಈಗಿರುವುದೂ ಹಾಳಾಗಬಹುದು.

ದೊಡ್ಡವ್ವ ಹಿತ್ತಲಲ್ಲಿದ್ದರು. ಗೌಡರು ಅಲ್ಲೇ ಎತ್ತಿಗೆ ಹುಲ್ಲು ಹಾಕುತ್ತಿದ್ದರು. ಅವರು ಒಳಗೆ ಹೋಗಲಿ ಎಂದು ಕಾದರೆ ಅವರು ಹೋಗುವ ಹಾಗೆ ಕಾಣಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ನೀವು ಕೊಟ್ಟದ್ದು ಮುಯ್ಯೋ ತೀರಿಸಿಕೊಂಡದ್ದೋ ಎಂದು ಆಕೆ ಕೇಳುತ್ತಿದ್ದಾಳೆ, ಇದನ್ನು ತೆಗೆದುಕೊಂಡರೆ ಮಗಳನ್ನು ಶಾಲೆಗೆ ಕಳಿಸುತ್ತಾಳಂತೆ ಎಂದೆ.

ಗೌಡರು ಹುಲ್ಲು ಬಿಟ್ಟು, "ಅವ್ವಾ, ನೀ ಯಾವಾಗ ಕೊಟ್ಟೆ?" ಎಂದು ಒಂದು ಹೆಜ್ಜೆ ಮುಂದೆ ಬಂದರು.

"ನೀ ಸುಮ್ಕಿರ್ಲಾ" ಎಂದರು ದೊಡ್ಡವ್ವ. ಕೈ ನೀಡಿ ಎಲೆಯ ಪೊಟ್ಟಣ ತೆಗೆದುಕೊಂಡರು. ಅವರು ತೆಗೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ, ಎದೆ ಹಗುರಾಯಿತು. ಬಿಚ್ಚಿದರು. ಬೆಲ್ಲವನ್ನು ಅಂಗೈಯಲ್ಲಿ ಇಟ್ಟುಕೊಂಡು ಒಂದು ಗಳಿಗೆ ನಿಂತರು. ಕೈ ಬಾಯಿಯ ಕಡೆ ಏಳುತ್ತದೋ ಎಂದು ನಾನು ನೋಡುತ್ತಿದ್ದೆ, ಗೌಡರೂ ನೋಡುತ್ತಿದ್ದರು. ದೊಡ್ಡವ್ವ ನಿಧಾನವಾಗಿ ಕೊಟ್ಟಿಗೆಗೆ ನಡೆದು, ಕಟ್ಟಿದ್ದ ಹಸುವಿನ ಬಾಯಿಗೆ ಬೆಲ್ಲ ಇಟ್ಟರು. ಹಸು ಅಂಗೈಯನ್ನೂ ನೆಕ್ಕಿತು.

"ಇನ್ಮ್ಯಾಕೆ ಆ ಜೇಬಲ್ಲಿ ಏನೇ ಬರ್ಲಿ, ಅಸೀಗೆ" ಎಂದು ಮಗನ ಕಡೆ ತಿರುಗಿದರು. "ಅಸ ಮುಟ್ಟಿದ್ಮೇಲೆ ಮೈಲಿಗೆ ಇಲ್ಲ. ಪುಸ್ತಕ ಯಾವ ಕೇರಿಗಾರೂ ಓಗ್ಲಿ. ಇನ್ನೊಂದ್ಸಲ ಇಸ್ಕೂಲ್ತಾಕೆ ಓಗಿ ಜಗಳ ಆಡ್ಬ್ಯಾಡ."

ಗೌಡರು ಮತ್ತೆ ಹುಲ್ಲಿಗೆ ಕೈ ಹಾಕಿದರು. ಹಸುವಿನ ವಿಷಯಕ್ಕೆ ಅವರೂ ಏನು ಹೇಳಿಯಾರು? ಅವರ ಮುಖದಲ್ಲಿ ಸಮಾಧಾನವೇ ಕಂಡಿತು. ಹೆಡ್ ಮೇಷ್ಟ್ರಿಗೆ ವಿಷಯ ತಿಳಿಸಿದಾಗ ಅವರಿಗೂ ಸಮಾಧಾನವಾಯಿತು. "ಎಂಥಾ ಬುದ್ಧಿವಂತರು ನೋಡಿ" ಎಂದರು. ಸಮಾಧಾನ ಇಲ್ಲದವಳು ನಾನೊಬ್ಬಳೇ. ದೊಡ್ಡವ್ವ ತೆಗೆದುಕೊಂಡರೇ, ಇಲ್ಲವೇ? ಕೈಯಲ್ಲಿ ತೆಗೆದುಕೊಂಡರು, ಬಾಯಿಗೆ ಹಾಕಿಕೊಳ್ಳಲಿಲ್ಲ. ಎಸೆಯಲೂ ಇಲ್ಲ. ಹಸುವಿಗೆ ಕೊಡುವುದು ಮರ್ಯಾದೆಯೋ ಅವಮರ್ಯಾದೆಯೋ? ದೇವರಿಗೆ ಕೊಟ್ಟ ಹಾಗೂ ಆಯಿತು, ದನಕ್ಕೆ ಹಾಕಿದ ಹಾಗೂ ಆಯಿತು. ಕೋಣೆಯ ಕಟ್ಟುಪಾಡು ಹೋಯಿತು, ಪುಸ್ತಕ ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೆ ಆ ತಾಯಿ ಕೇಳಿದ್ದು ಇದನ್ನಲ್ಲವಲ್ಲ. ಆಕೆಗೆ ಇದನ್ನು ಹೇಗೆ ಹೇಳಲಿ? ದೊಡ್ಡವ್ವ ತಿಂದರು ಎಂದು ಹೇಳಿಬಿಡೋಣ ಎಂದು ಒಂದು ಮನಸ್ಸು. ಮಕ್ಕಳಿಗೆ ಪುಸ್ತಕದಲ್ಲಿ ಇದ್ದದ್ದನ್ನೇ ಓದಿ, ಇಲ್ಲದ್ದನ್ನು ಸೇರಿಸಬೇಡಿ ಎಂದು ವಾರವಾರವೂ ಹೇಳುತ್ತಿದ್ದವಳಿಗೆ ಅದು ಬಾಯಿಗೆ ಬರಲಿಲ್ಲ.

ಮಾರನೆಯ ಸಂಜೆ ಮತ್ತೆ ಹೋದೆ. ಆಕೆ ಗುಡಿಸಲ ಮುಂದೆ ರಾಗಿ ಕೇರುತ್ತಿದ್ದಳು, ಮಗಳು ಆಡು ಕಟ್ಟುತ್ತಿದ್ದಳು. ಈ ಸಲ ನಾನು ಕೇಳದೆಯೇ ಕಲ್ಲಿನ ಮೇಲೆ ಕೂತೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಕೈ ನೀಡಿ ತೆಗೆದುಕೊಂಡದ್ದು, ನಿಂತದ್ದು, ಕೊಟ್ಟಿಗೆಗೆ ಹೋದದ್ದು. ಹಸು ಎಂದಾಗ ಮೊರ ನಿಂತಿತು.

"ಅಸೀಗಾ?" ಎಂದಳು.

ನನಗೆ ಅಳು ಬರುವ ಹಾಗಾಯಿತು. ಹುಡುಗಿ ಆಡಿನ ಹಗ್ಗ ಹಿಡಿದು ನಮ್ಮಿಬ್ಬರ ಮುಖ ನೋಡುತ್ತಿದ್ದಳು. ತಾಯಿ ಮೊರವನ್ನು ನೆಲಕ್ಕಿಟ್ಟಳು. ಆಮೇಲೆ ಕೇಳಿದಳು:

"ಆ ಅಸ ಆಲ್ ಕೊಡ್ತದಾ, ಗೊಡ್ಡಾ?"

"ಕೊಡುತ್ತೆ. ಎರಡು ಹೊತ್ತೂ ಕರೆಯುತ್ತೆ."

"ಆ ಆಲು ದೊಡ್ಡವ್ವಾರು ಕುಡೀತಾರಾ?"

"ಕುಡೀತಾರೆ. ನನ್ನ ಕಾಫಿಗೂ ಅದರ ಹಾಲೇ."

"ಅಂಗಾರೆ ತಿಂದಂಗೇಯ ಬುಡಿ" ಎಂದಳು.

ನಗಲೋ ಬೇಡವೋ ಎಂದು ನಾನು ಆಕೆಯ ಮುಖ ನೋಡಿದೆ. ಆಕೆ ನಗುತ್ತಿರಲಿಲ್ಲ. ಎದ್ದು ಹೋಗಿ ಗೂಡಿನಿಂದ ದೊಡ್ಡವ್ವನ ಚೀಟಿ ತಂದು ಬಿಚ್ಚಿದಳು, ಒಂದು ಚೂರು ಕೊಬ್ಬರಿ ತಾನು ಬಾಯಿಗೆ ಹಾಕಿಕೊಂಡು ಕಲ್ಲುಸಕ್ಕರೆಯನ್ನು ಮಗಳ ಕೈಗೆ ಹಾಕಿದಳು.

"ಲೇ, ನಾಳೆ ಆಡು ನಾನೇ ಕಟ್ಟಾಕಿ ಓಯ್ತೀನಿ. ನೀ ಇಸ್ಕೂಲ್ಗೋಗು. ಬರ್ವಾಗ ದೊಡ್ಡದು, ಬ್ಯಾಗ್ನೆ ಮುಗೀದೇ ಇರೋ ಅಂತ ಬುಕ್ ತಕಂಬಾ."